ಮಾರ್ಕ್ಸ್ ಕಾರ್ಡು ನೋಡಿ ವಿಜ್ಞಾನ ಕೊಡಬಹುದೇ?



ಈ ತಿಂಗಳ ಭಿತ್ತಿಪತ್ರಿಕೆಯಲ್ಲಿ 'ನನ್ನ ಅನಿಸಿಕೆ' ಬರೆಯುವ ಸರದಿ ನನ್ನದು. ಮೊದಲು ನಾನು 'ಸಮಯದ ಮಹತ್ವ' ಎಂಬ ವಿಷಯ ಬರೆಯೋಣ ಅಂದುಕೊಂಡಿದ್ದೆ. ಅದು ಸುಲಭ, ಪ್ರಬಂಧ ಪುಸ್ತಕದಲ್ಲೂ ಇದೆ. ಆದರೆ ಹೋದ ಸೋಮವಾರ ನಮ್ಮ ತರಗತಿಯಲ್ಲಿ ನಡೆದ ಒಂದು ಮಾತು ನನ್ನ ಮನಸ್ಸಿನಲ್ಲಿ ಕೊರೆಯುತ್ತಾ ಇದೆ. ಅದನ್ನೇ ಬರೆಯುತ್ತೇನೆ. ತಪ್ಪಿದ್ದರೆ ದೊಡ್ಡವರು ತಿದ್ದಬೇಕು.

ಸೋಮವಾರ ಕೊನೆಯ ಪಿರಿಯಡ್‌ನಲ್ಲಿ ವಿಜ್ಞಾನದ ಮೇಡಂ ಸುಮ್ಮನೆ ಕೇಳಿದರು, "ಎಸ್ಸೆಸ್ಸೆಲ್ಸಿ ಆದ ಮೇಲೆ ಯಾರ್ಯಾರು ಸೈನ್ಸ್ ತಗೋತೀರಿ? ಕೈ ಎತ್ತಿ ನೋಡೋಣ." ನಮ್ಮ ತರಗತಿಯಲ್ಲಿ 34 ಜನ ಇದ್ದೇವೆ. ಎದ್ದದ್ದು 6 ಕೈ. ಆರೂ ಕೈ ಮುಂದಿನ ಬೆಂಚಿನವು. ಪರೀಕ್ಷೆಯಲ್ಲಿ ಮೊದಲ ಆರು ಸ್ಥಾನ ಬರುವವರು ಯಾರೋ ಅವರೇ ಕೈ ಎತ್ತಿದರು. ಅದರಲ್ಲಿ ನಾನೂ ಒಬ್ಬಳು.

ನಾನು ಹಿಂದೆ ತಿರುಗಿ ನೋಡಿದೆ. ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ಕೈ ಕಟ್ಟಿಕೊಂಡು ಕೂತಿದ್ದ. ಅವನ ಹೆಸರು ಬರೆದರೆ ನನಗೆ ಬಯ್ತಾನೆ, ಆದ್ದರಿಂದ ಬರೆಯಲ್ಲ. ಶಾಲೆಯ ಕರೆಂಟ್ ಬೆಲ್ ಕೆಟ್ಟಾಗ ಸರಿ ಮಾಡಿದವನು ಯಾರು ಅಂತ ಒಂದನೇ ತರಗತಿಯವರಿಗೂ ಗೊತ್ತು.

ಆ ಬೆಲ್ಲಿನ ಕಥೆ ಮರೆತವರಿಗೆ ಹೇಳುತ್ತೇನೆ. ಜುಲೈ ತಿಂಗಳಲ್ಲಿ ಬೆಲ್ ನಿಂತುಹೋಯಿತು. ಎರಡು ವಾರ ಕಬ್ಬಿಣದ ತುಂಡು ಹೊಡೆದು ಗಂಟೆ ಬಾರಿಸಿದೆವು. ಆಮೇಲೆ ಇವನು ಹೆಡ್ ಮೇಷ್ಟ್ರ ಹತ್ತಿರ ಹೋಗಿ, "ಸಾರ್, ಮೇನ್ ಆಫ್ ಮಾಡಿಸಿ, ನಾನು ಒಂದ್ಸಲ ನೋಡ್ತೀನಿ" ಅಂದ. ಮೇಷ್ಟ್ರು ಪಕ್ಕದಲ್ಲೇ ನಿಂತು ನೋಡಿಕೊಂಡರು. ಅವನು ಮುಚ್ಚಳ ತೆಗೆದು ಒಂದು ಸ್ಕ್ರೂ ತೋರಿಸಿದ. ಅದರ ತುದಿ ಕಪ್ಪಾಗಿತ್ತು. ಉಪ್ಪು ಕಾಗದದಲ್ಲಿ ಉಜ್ಜಿದ. ಬೆಲ್ ಹೊಡೆಯಿತು! ನಾನು "ಹೆಂಗೋ ಮಾಡ್ದೆ?" ಅಂತ ಕೇಳಿದೆ. ಅವನು ಹೇಳಿದ, "ಕರೆಂಟು ಬಂದ್ರೆ ಸುರುಳಿ ಅಯಸ್ಕಾಂತ ಆಯ್ತದೆ, ಪಟ್ಟೀನ ಎಳ್ಕೊಳ್ತದೆ, ಸುತ್ತಿಗೆ ಟಣ್ ಅಂತದೆ. ಎಳ್ಕೊಂಡ ತಕ್ಷಣ ಸ್ಕ್ರೂ ತಾಗೋದು ತಪ್ಪೋಯ್ತದೆ, ಕರೆಂಟು ನಿಂತೋಯ್ತದೆ. ಪಟ್ಟಿ ವಾಪಸ್ ಬತ್ತದೆ, ಮತ್ತೆ ತಾಕ್ತದೆ. ಹಂಗೇ ಟಣಟಣ ಅಂತ ಹೊಡ್ಕೋತಾ ಇರ್ತದೆ. ಇಲ್ಲಿ ಸ್ಕ್ರೂ ಮಸಿ ಹಿಡಿದು ತಾಗ್ತಾನೇ ಇರ್ಲಿಲ್ಲ."

ಆಗ ನಮಗೆ 'ವಿದ್ಯುತ್ ಪ್ರವಾಹ ಮತ್ತು ಅದರ ಪರಿಣಾಮಗಳು' ಪಾಠ ಇನ್ನೂ ಆಗಿರಲಿಲ್ಲ. ಪಾಠ ಆದ ಮೇಲೆ ಕಿರುಪರೀಕ್ಷೆ ಬಂತು. 'ವಿದ್ಯುತ್ ಗಂಟೆಯ ಕಾರ್ಯವಿಧಾನವನ್ನು ವಿವರಿಸಿ' ಅಂತ ಒಂದು ಪ್ರಶ್ನೆ. ನಾನು ಪುಸ್ತಕದಲ್ಲಿ ಇದ್ದದ್ದನ್ನು ಬಾಯಿಪಾಠ ಮಾಡಿ ಬರೆದೆ. 20ಕ್ಕೆ 19 ಬಂತು. ಅವನಿಗೆ 'ವಿದ್ಯುತ್ಕಾಂತ' ಎಂಬ ಪದಕ್ಕೆ ಒತ್ತಕ್ಷರ ಬರಲಿಲ್ಲ, ವಾಕ್ಯ ಸರಿಯಾಗಲಿಲ್ಲ. 20ಕ್ಕೆ 6 ಬಂತು.

ಸೋಮವಾರ ಸಂಜೆ ಮನೆಗೆ ಹೋಗುವಾಗ ಅವನನ್ನು ಕೇಳಿದೆ, "ನೀನ್ಯಾಕೆ ಕೈ ಎತ್ತಲಿಲ್ಲ?" ಅವನು ನಕ್ಕು, "ಸೈನ್ಸ್ ಎಲ್ಲಾ ನಿಮ್ಮಂಥೋರಿಗೆ ಕಣಮ್ಮಿ. ನಾನು ದಡ್ಡ" ಅಂದ.

ಈಗ ನಿಜ ಹೇಳುತ್ತೇನೆ. ನನಗೆ ವಿಜ್ಞಾನಕ್ಕಿಂತ ಕನ್ನಡ ಇಷ್ಟ, ಕಥೆ ಬರೆಯುವುದು ಇಷ್ಟ. ಆದರೂ ಕೈ ಎತ್ತಿದೆ. ಮಾರ್ಕ್ಸ್ ಬರುತ್ತದಲ್ಲ, ಎತ್ತದಿದ್ದರೆ ಮೇಡಂ ಏನಂದುಕೊಳ್ಳುತ್ತಾರೋ ಅಂತ ಎತ್ತಿದೆ. ಇಷ್ಟ ಇಲ್ಲದ ನಾನು ಕೈ ಎತ್ತಿದೆ, ಇಷ್ಟ ಇದ್ದ ಅವನು ಎತ್ತಲಿಲ್ಲ. ಇದು ಸರಿಯೇ? ಇದೇ ನನ್ನ ಇವತ್ತಿನ ವಿಷಯ.

ಇದು ಏಳನೇ ತರಗತಿಯ ತಮಾಷೆ, ಮುಂದೆ ಸರಿಹೋಗುತ್ತದೆ ಅಂತ ನೀವು ಹೇಳಬಹುದು. ಸರಿಹೋಗುವುದಿಲ್ಲ. ನಮ್ಮ ಮನೆಯಲ್ಲೇ ನೋಡಿದ್ದೇನೆ.

ನಮ್ಮಕ್ಕ ಈಗ ಸೆಕೆಂಡ್ ಪಿಯುಸಿ ಓದುತ್ತಿದ್ದಾಳೆ. ಅವಳಿಗೆ ಚಿಕ್ಕಂದಿನಿಂದ ವಿಜ್ಞಾನದ ಹುಚ್ಚು. ಒಂದು ಸಲ ನನ್ನ ಬಿಳಿ ಯೂನಿಫಾರ್ಮ್ ಮೇಲೆ ಸಾರು ಚೆಲ್ಲಿ ಹಳದಿ ಕಲೆ ಆಯಿತು. ಸೋಪು ಹಾಕಿ ಉಜ್ಜಿದರೆ ಕೆಂಪಗಾಯಿತು! ನಾನು ಅಳುತ್ತಾ ಕೂತೆ. ಅಕ್ಕ ಬಂದು ನಿಂಬೆಹಣ್ಣು ಹಿಂಡಿದಳು, ಮತ್ತೆ ಹಳದಿ ಆಯಿತು. "ಅರಿಶಿನ ಒಂದು ಸೂಚಕ ಕಣೇ. ಸೋಪು ಪ್ರತ್ಯಾಮ್ಲ, ಅದಕ್ಕೆ ಕೆಂಪು. ನಿಂಬೆಹುಳಿ ಆಮ್ಲ, ಅದಕ್ಕೆ ಮತ್ತೆ ಹಳದಿ" ಅಂದಳು. ಆಮೇಲೆ ದಾಸವಾಳದ ಹೂವು ಬಿಸಿನೀರಿನಲ್ಲಿ ನೆನೆಸಿ ಸೋಪಿನ ನೀರಿಗೆ ಹಾಕಿ ಹಸಿರು ಬಣ್ಣ ಮಾಡಿ ತೋರಿಸಿದಳು. ಅಮ್ಮ ಪೂಜೆಗೆ ಇಟ್ಟ ಹೂವು ಅಂತ ಇಬ್ಬರಿಗೂ ಬೈದರು.

ಅಕ್ಕ ಎಸ್ಸೆಸ್ಸೆಲ್ಸಿಯಲ್ಲಿ ತೆಗೆದ ಅಂಕ ಹೀಗಿದೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಕನ್ನಡ 125ಕ್ಕೆ 84, ಇಂಗ್ಲಿಷ್ 41, ಹಿಂದಿ 44, ಗಣಿತ 83, ವಿಜ್ಞಾನ 86, ಸಮಾಜ 52. ಒಟ್ಟು 625ಕ್ಕೆ 390. ಅಂದರೆ 62.4 ಪರ್ಸೆಂಟ್. ಗಣಿತ ವಿಜ್ಞಾನ ಎರಡೇ ಕೂಡಿಸಿದರೆ 200ಕ್ಕೆ 169, ಅಂದರೆ 84.5 ಪರ್ಸೆಂಟ್.

ನಮ್ಮೂರು ಹೆಸರಿಗೆ ಹಳ್ಳಿ. ಒಂದು ಕಡೆ ಜೆ.ಪಿ. ನಗರದ 9ನೇ ಹಂತ, ಇನ್ನೊಂದು ಕಡೆ ಬನಶಂಕರಿ 6ನೇ ಹಂತ ಬಂದು ನಿಂತಿದೆ. ಕನಕಪುರ ರಸ್ತೆಗೆ ಹೋದರೆ 2021ರಿಂದ ಮೆಟ್ರೋ ಕೂಡ ಇದೆ. ಹಾಗಾಗಿ ಕಾಲೇಜಿಗೆ ನಮಗೆ ಕೊರತೆ ಇಲ್ಲ, ಜಯನಗರ ಬನಶಂಕರಿ ತುಂಬಾ ಕಾಲೇಜುಗಳು. ಅಮ್ಮ ಗಾರ್ಮೆಂಟ್ಸ್‌ಗೆ ಒಂದು ದಿನ ರಜ ಹಾಕಿ ಅಕ್ಕನನ್ನು ಕರೆದುಕೊಂಡು ಹೊರಟರು. ಬಸ್ಸಿಗೆ ಈಗ ಹೆಂಗಸರಿಗೆ ಟಿಕೆಟ್ ಇಲ್ಲ, ಅದೊಂದು ಪುಣ್ಯ. ಮೊದಲನೇ ಕಾಲೇಜಿನಲ್ಲಿ ನೋಟಿಸ್ ಬೋರ್ಡಿನಲ್ಲೇ 'ಸೈನ್ಸ್ 85%' ಅಂತ ಅಂಟಿಸಿದ್ದರು, ಒಳಗೆ ಹೋಗಲೇ ಇಲ್ಲ. ಎರಡನೇ ಕಡೆ ಕೌಂಟರಿನಲ್ಲಿದ್ದವರು ಮಾರ್ಕ್ಸ್ ಕಾರ್ಡಿನ ಕೆಳಗಿನ ಸಾಲು ಮಾತ್ರ ನೋಡಿ, "ಅರವತ್ತೆರಡಕ್ಕೆ ಸೈನ್ಸ್ ಆಗಲ್ಲಮ್ಮ, ಕಾಮರ್ಸ್ ತಗೊಳ್ಳಿ" ಅಂದರು. ಅಕ್ಕ "ಸಾರ್, ಸೈನ್ಸಲ್ಲಿ ಎಂಬತ್ತಾರು ಇದೆ" ಅಂದಳಂತೆ. "ಟೋಟಲ್ ನೋಡೋದು" ಅಂದರಂತೆ. ಮೂರನೇ ಕಡೆ ಸೀಟು ಕೊಡ್ತೀವಿ ಅಂದರು. ಆದರೆ ಅವರು ಹೇಳಿದ ಫೀಸು ಕೇಳಿ ಅಮ್ಮ ಏನೂ ಮಾತಾಡದೆ ಎದ್ದು ಬಂದರು.

ಅಕ್ಕ ಕಾಮರ್ಸ್ ಸೇರಿದಳು. ಕಾಮರ್ಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅವಳು ಚೆನ್ನಾಗಿಯೇ ಓದುತ್ತಿದ್ದಾಳೆ. ಆದರೆ ಆಮೇಲೆ ಅವಳು ದಾಸವಾಳ ನೆನೆಸಲಿಲ್ಲ.

ಗೆಳೆಯರೇ, ಇಲ್ಲಿ ಒಂದು ಲೆಕ್ಕ ನೋಡಿ. ಅಕ್ಕ ಬರೆದಾಗ ಒಟ್ಟು 625 ಅಂಕ. ಅದರಲ್ಲಿ ಗಣಿತ 100, ವಿಜ್ಞಾನ 100. ಉಳಿದ 425 ಅಂಕ ಮೂರು ಭಾಷೆ ಮತ್ತು ಸಮಾಜದ್ದು. ಅಂದರೆ ವಿಜ್ಞಾನದ ಸೀಟು ಯಾರಿಗೆ ಅಂತ ತೀರ್ಮಾನ ಮಾಡುವಾಗ ನೂರಕ್ಕೆ 68 ಪಾಲು ತೂಕ ವಿಜ್ಞಾನ ಗಣಿತ ಅಲ್ಲದ ವಿಷಯಗಳಿಗೆ!

ಒಬ್ಬ ಹುಡುಗ ಇದ್ದಾನೆ ಅಂದುಕೊಳ್ಳಿ. ಅವನಿಗೆ ಕನ್ನಡ 122, ಇಂಗ್ಲಿಷ್ 92, ಹಿಂದಿ 96, ಸಮಾಜ 95. ಆದರೆ ಗಣಿತ 63, ವಿಜ್ಞಾನ 64. ಕೂಡಿಸಿ ನೋಡಿ, 532 ಬರುತ್ತದೆ. 85 ಪರ್ಸೆಂಟ್ ದಾಟಿತು. ಆ ನೋಟಿಸ್ ಬೋರ್ಡಿನ ಪ್ರಕಾರ ಅವನಿಗೆ ಸೈನ್ಸ್ ಸಿಗುತ್ತದೆ. ಗಣಿತ ವಿಜ್ಞಾನದಲ್ಲಿ ಅವನಿಗಿಂತ 42 ಅಂಕ ಜಾಸ್ತಿ ತೆಗೆದ ನಮ್ಮಕ್ಕನಿಗೆ ಸಿಗುವುದಿಲ್ಲ. ನಮ್ಮ ಅಜ್ಜಿಗೆ ಇದನ್ನು ವಿವರಿಸಿದೆ. ಅಜ್ಜಿ ಹೇಳಿದರು, "ಹಸ ಎಷ್ಟು ಹಾಲು ಕೊಡ್ತದೆ ಅಂತ ಯಾರಾದ್ರೂ ಕೊಂಬು ಅಳೆದು ನೋಡ್ತಾರಾ?"

ಇನ್ನೊಂದು ವಿಚಿತ್ರ ಏನೆಂದರೆ, ಪಿಯುಸಿ ಮುಗಿದ ಮೇಲೆ ಇಂಜಿನಿಯರಿಂಗ್‌ಗೆ ಸಿಇಟಿ ಬರೆಯುತ್ತಾರಲ್ಲ, ಅದಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಂಥ ವಿಷಯಗಳನ್ನೇ ನೋಡುತ್ತಾರೆ. ಭಾಷೆಯ ಅಂಕ ರ‍್ಯಾಂಕಿಗೆ ಸೇರಿಸುವುದಿಲ್ಲ. ಎರಡು ವರ್ಷ ಆದ ಮೇಲೆ ಮಾಡುವ ನ್ಯಾಯವನ್ನು ಎರಡು ವರ್ಷ ಮೊದಲೇ ಯಾಕೆ ಮಾಡಬಾರದು?

ಇನ್ನು ಇದರ ಉಲ್ಟಾ ಕಥೆ. ನಮ್ಮ ಬೀದಿಯಲ್ಲಿ ಒಬ್ಬ ಅಣ್ಣ ಇದ್ದಾರೆ. ಅವರಿಗೆ ಎಸ್ಸೆಸ್ಸೆಲ್ಸಿಯಲ್ಲಿ 93 ಪರ್ಸೆಂಟ್. ಅವರಿಗೆ ಇತಿಹಾಸ ಅಂದರೆ ಪ್ರಾಣ. ಬೇಗೂರಿನ ದೇವಸ್ಥಾನಕ್ಕೆ ಸೈಕಲ್‌ನಲ್ಲಿ ಹೋಗಿ ಬಂದು ನಮಗೆ ಕಥೆ ಹೇಳುತ್ತಿದ್ದರು. ಬೇಗೂರಿನಲ್ಲಿ 'ಬೆಂಗಳೂರು' ಎಂಬ ಹೆಸರಿರುವ ಹಳೇ ವೀರಗಲ್ಲು ಇದೆ ಅಂತ ನನಗೆ ಹೇಳಿದ್ದೇ ಅವರು. ಆರ್ಟ್ಸ್ ತಗೋತೀನಿ ಅಂದಿದ್ದಕ್ಕೆ ಮನೆಯವರು, "ಇಷ್ಟು ಮಾರ್ಕ್ಸ್ ತಗೊಂಡು ಆರ್ಟ್ಸಾ? ಜನ ಏನಂತಾರೆ?" ಅಂತ ಸೈನ್ಸಿಗೆ ಸೇರಿಸಿದರು. ಈಗ ಬೆಳಿಗ್ಗೆ ಐದಕ್ಕೆ ಟ್ಯೂಷನ್ನು, ಸಂಜೆ ಟ್ಯೂಷನ್ನು. ನಮ್ಮ ಜೊತೆ ಮಾತೇ ಆಡುವುದಿಲ್ಲ.

ಹೀಗೆ ಜಾಸ್ತಿ ಅಂಕದವರನ್ನೆಲ್ಲಾ ಸೈನ್ಸಿಗೆ, ನಡುವಿನವರನ್ನು ಕಾಮರ್ಸಿಗೆ, ಕಡಿಮೆಯವರನ್ನು ಆರ್ಟ್ಸಿಗೆ ಅಂತ ಜರಡಿ ಹಿಡಿಯುತ್ತಾರೆ. 2025ರ ಸೆಕೆಂಡ್ ಪಿಯುಸಿ ಮೊದಲನೇ ಪರೀಕ್ಷೆಯ ಫಲಿತಾಂಶ ನೋಡಿ. ವಿಜ್ಞಾನ 82.45, ವಾಣಿಜ್ಯ 76.07, ಕಲಾ 53.29 ಪರ್ಸೆಂಟ್ ಪಾಸು. ಕಷ್ಟ ಕಷ್ಟ ಅಂತ ಎಲ್ಲರೂ ಹೆದರಿಸುವ ವಿಜ್ಞಾನದಲ್ಲೇ ಜಾಸ್ತಿ ಪಾಸು! ಹಾಗಾದರೆ ಇತಿಹಾಸ ಭೌತಶಾಸ್ತ್ರಕ್ಕಿಂತ ಕಷ್ಟವೇ? ಇಲ್ಲ. ಮೊದಲೇ ಜರಡಿ ಹಿಡಿದು ಕಳಿಸಿದ್ದಾರೆ, ಅದರ ಫಲ ಕೊನೆಗೆ ಕಾಣುತ್ತದೆ ಅಂತ ನನ್ನ ಅನಿಸಿಕೆ. ಇದರಿಂದ ಇತಿಹಾಸಕ್ಕೂ ಅವಮಾನ. ಅದನ್ನು ಓದುವ ಮಕ್ಕಳಿಗೂ ಅವಮಾನ.

ದೊಡ್ಡವರ ಕಥೆಯನ್ನೂ ಸ್ವಲ್ಪ ನೋಡೋಣ. ಶ್ರೀನಿವಾಸ ರಾಮಾನುಜನ್ ಹುಟ್ಟಿದ ದಿನ ಡಿಸೆಂಬರ್ 22ರಂದು ನಾವು ಗಣಿತ ದಿನ ಮಾಡುತ್ತೇವೆ, ರಂಗೋಲಿ ಬಿಡುತ್ತೇವೆ. ಅವರಿಗೆ 1904ರಲ್ಲಿ ಕುಂಭಕೋಣದ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಸಿಕ್ಕಿತ್ತು. ಅವರು ಗಣಿತದಲ್ಲೇ ಮುಳುಗಿ ಬೇರೆ ವಿಷಯಗಳಲ್ಲಿ ಫೇಲಾದರು. ವಿದ್ಯಾರ್ಥಿವೇತನ ಹೋಯಿತು. ಆಮೇಲೆ ಮದರಾಸಿನ ಕಾಲೇಜಿಗೆ ಸೇರಿದರು, ಅಲ್ಲೂ ಫೇಲಾದರು. ಮುಂದೆ ಗುಮಾಸ್ತರಾಗಿದ್ದಾಗ ಇಂಗ್ಲೆಂಡಿನ ಪ್ರೊಫೆಸರ್ ಹಾರ್ಡಿ ಅವರಿಗೆ ಪತ್ರ ಬರೆದರು. ಹಾರ್ಡಿ ಟೋಟಲ್ ಕೇಳಲಿಲ್ಲ, ಪತ್ರದಲ್ಲಿದ್ದ ಲೆಕ್ಕ ನೋಡಿದರು. 1914ರಲ್ಲಿ ರಾಮಾನುಜನ್ ಕೇಂಬ್ರಿಡ್ಜ್‌ಗೆ ಹೋದರು, 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. ಎಲ್ಲರೂ ರಾಮಾನುಜನ್ ಆಗುವುದಿಲ್ಲ, ನನಗೂ ಗೊತ್ತು. ಆದರೆ ಟೋಟಲ್ ಮಾತ್ರ ನೋಡಿದರೆ ರಾಮಾನುಜನ್ ಕೂಡ ಕಾಣುವುದಿಲ್ಲ.

ನಮ್ಮ ಹತ್ತಿರದವರು ಅಂದರೆ ಡಾ. ಎಚ್. ನರಸಿಂಹಯ್ಯನವರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡವರ ಮಗ, 1920ರಲ್ಲಿ ಹುಟ್ಟಿದವರು. ಹೈಸ್ಕೂಲು ಓದಲು ಊರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದರಂತೆ. ಆಮೇಲೆ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರಾದರು, ಅಮೆರಿಕಕ್ಕೆ ಹೋಗಿ ಡಾಕ್ಟರೇಟ್ ತಂದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. 2005ರಲ್ಲಿ ತೀರಿಕೊಂಡರು. ಅವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಎಂಬ ಸಂಘ ಕಟ್ಟಿದರು. ದೊಡ್ಡ ದೊಡ್ಡ ವಿಜ್ಞಾನಿಗಳು ಬಂದು ಸಾಮಾನ್ಯ ಜನರಿಗೆ ಉಪನ್ಯಾಸ ಕೊಡುವುದು ಅದರ ಕೆಲಸ. ಕಾಲೇಜು ಸೇರಲು ಮಾರ್ಕ್ಸ್ ಕಾರ್ಡು ತೋರಿಸಬೇಕು, ಆದರೆ ಉಪನ್ಯಾಸ ಕೇಳಲು ಬಂದವರನ್ನು ನಿನಗೆಷ್ಟು ಪರ್ಸೆಂಟ್ ಅಂತ ಯಾರೂ ಕೇಳುವುದಿಲ್ಲ. ವಿಜ್ಞಾನ ಎಲ್ಲರದ್ದು ಅಂತ ಅವರು ತಿಳಿದಿದ್ದರು ಅಂತ ನನಗೆ ಅನ್ನಿಸುತ್ತದೆ.

(ಪಕ್ಕದ ಹಾಳೆ ನೋಡಿ)

ಈಗ ನನ್ನ ಮಾತಿಗೆ ವಿರುದ್ಧ ಹೇಳುವವರ ಮಾತನ್ನೂ ಬರೆಯಬೇಕು. ಇಲ್ಲದಿದ್ದರೆ ಅದು ಒಂದೇ ಕಡೆಯ ಮಾತು ಆಗುತ್ತದೆ. ನಾನು ಈ ವಿಷಯ ಹೇಳಿದಾಗ ನಮ್ಮ ಸಮಾಜದ ಮೇಷ್ಟ್ರು ಎರಡು ಪ್ರಶ್ನೆ ಕೇಳಿದರು.

ಮೊದಲನೆಯದು, "ಸೀಟು ಇರೋದು ಸ್ವಲ್ಪ, ಕೇಳೋರು ಜಾಸ್ತಿ. ಏನಾದ್ರೂ ಒಂದು ಅಳತೆ ಬೇಕಲ್ಲಮ್ಮ?" ಇದು ನ್ಯಾಯವಾದ ಮಾತು. ಅಳತೆ ಬೇಡ ಅಂತ ನಾನು ಹೇಳಲ್ಲ. ಚಿನ್ನ ತೂಗುವುದಕ್ಕೂ ತಕ್ಕಡಿ ಬೇಕು, ಸೌದೆ ತೂಗುವುದಕ್ಕೂ ತಕ್ಕಡಿ ಬೇಕು. ಆದರೆ ಎರಡಕ್ಕೂ ಒಂದೇ ತಕ್ಕಡಿ ಅಲ್ಲ. ಸೈನ್ಸಿಗೆ ಸೇರಿಸುವಾಗ ಗಣಿತ ವಿಜ್ಞಾನದ ಅಂಕ ಮೊದಲು ನೋಡಲಿ, ಟೋಟಲ್ ಆಮೇಲೆ ನೋಡಲಿ. ಆರ್ಟ್ಸಿಗೆ ಸೇರಿಸುವಾಗ ಭಾಷೆ ಮತ್ತು ಸಮಾಜದ ಅಂಕ ಮೊದಲು ನೋಡಲಿ. ಆಗ ಆರ್ಟ್ಸಿಗೂ ಮರ್ಯಾದೆ ಬರುತ್ತದೆ.

ಎರಡನೆಯದು, "ಪಿಯುಸಿ ಸೈನ್ಸ್ ಪುಸ್ತಕ ಇಂಗ್ಲಿಷ್‌ನಲ್ಲಿ ಇರ್ತದೆ. ಇಂಗ್ಲಿಷಲ್ಲಿ 41 ತಗೊಂಡೋರು ಹೆಂಗೆ ಓದ್ತಾರೆ?" ಈ ಪ್ರಶ್ನೆಗೆ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಹೋಗಿ ಅಕ್ಕನನ್ನು ಕೇಳಿದೆ. ಅವಳು ಹೇಳಿದಳು, "ನಮ್ಮ ಕಾಲೇಜಲ್ಲಿ ಕಾಮರ್ಸೂ ಇಂಗ್ಲಿಷಲ್ಲೇ ತಾನೇ ಮಾಡೋದು? ಡೆಬಿಟ್ಟು, ಕ್ರೆಡಿಟ್ಟು, ಲೆಡ್ಜರು, ಡಿಪ್ರಿಸಿಯೇಷನ್ನು ಎಲ್ಲಾ ಮೂರು ತಿಂಗಳಲ್ಲಿ ಕಲಿತೆ. ವೇಗೋತ್ಕರ್ಷಕ್ಕೆ ಆಕ್ಸಿಲರೇಷನ್ ಅಂತಾರೆ, ದ್ಯುತಿಸಂಶ್ಲೇಷಣೆಗೆ ಫೋಟೋಸಿಂಥೆಸಿಸ್ ಅಂತಾರೆ ಅಂತ ಕಲಿಯಕ್ಕೆ ಆಗ್ತಿರ್ಲಿಲ್ವಾ? ಹೆಸರು ಹೊಸದು, ಒಳಗಿರೋದು ನಂಗೆ ಗೊತ್ತಿತ್ತು."

ಆದ್ದರಿಂದ ನನ್ನ ಕೋರಿಕೆ ಏನೆಂದರೆ, ಕನ್ನಡ ಮಾಧ್ಯಮದಿಂದ ಬರುವ ಮಕ್ಕಳಿಗೆ ಮೊದಲ ಎರಡು ತಿಂಗಳು ಪದಗಳನ್ನು ಎರಡೂ ಭಾಷೆಯಲ್ಲಿ ಹೇಳಿಕೊಡಲಿ. ನಮ್ಮ ಹೈಸ್ಕೂಲುಗಳಲ್ಲೂ ಬೋರ್ಡಿನ ಒಂದು ಮೂಲೆಯಲ್ಲಿ ಎರಡೂ ಪದ ಬರೆಯಲಿ. ಬಾಗಿಲು ಮುಚ್ಚುವುದಕ್ಕಿಂತ ಇದು ಸುಲಭ.

ಇವು ದೊಡ್ಡವರು ಮಾಡಬೇಕಾದ ಕೆಲಸ. ಅವರು ಯಾವಾಗ ಮಾಡುತ್ತಾರೋ ಗೊತ್ತಿಲ್ಲ. ಆದರೆ ನಾವು ಮಾಡಬಹುದಾದದ್ದೂ ಇದೆ.

ಅಕ್ಕನಿಗೆ ಬಾಗಿಲು ಹಾಕಿದ್ದು ಕಾಲೇಜಿನವರು. ಕೊನೆಯ ಬೆಂಚಿನ ನನ್ನ ಗೆಳೆಯನಿಗೆ ಯಾರೂ ಬಾಗಿಲು ಹಾಕಿಲ್ಲ, ಅವನೇ ಹಾಕಿಕೊಂಡಿದ್ದಾನೆ. ಅವನಿಗಿನ್ನೂ ಎಸ್ಸೆಸ್ಸೆಲ್ಸಿಗೆ ಮೂರು ವರ್ಷ ಇದೆ. ಅವನಿಗೆ 'ನಾನು ದಡ್ಡ' ಅಂತ ಕಲಿಸಿದ್ದು ಯಾರು? ಒಂದು ಕಿರುಪರೀಕ್ಷೆಯ 6 ಅಂಕ, ಮತ್ತೆ ನಾವು. ಅವನ ಅಂಕ ಓದಿದಾಗ ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಅದಕ್ಕೆ ಈ ಹಾಳೆಯಲ್ಲಿ ಕ್ಷಮೆ ಕೇಳುತ್ತೇನೆ.

ಇದಕ್ಕೆ ನನ್ನ ಸಲಹೆ ಮೂರು.

ಒಂದು: ಯಾರ ಅಂಕವನ್ನೂ ಜೋರಾಗಿ ಓದುವಾಗ ನಗಬಾರದು.

ಎರಡು: ಬೆಲ್ಲಿನಂಥ ಕೆಲಸಕ್ಕೂ ಅಂಕ ಕೊಡಬೇಕು ಅಂತ ವಿಜ್ಞಾನದ ಮೇಡಂ ಅವರನ್ನು ವಿನಂತಿಸುತ್ತೇನೆ. ಬಾಯಲ್ಲಿ ವಿವರಿಸಿದರೂ, ಮಾಡಿ ತೋರಿಸಿದರೂ ಅದು ಉತ್ತರವೇ.

ಮೂರು: ಬರೆಯಲು ಬರುವವರು ಬರೆಯಲು ಬಾರದವರಿಗೆ ಸಹಾಯ ಮಾಡಬೇಕು. ನಾನು ಅವನಿಗೆ ದಿನಾ ಊಟದ ಬಿಡುವಿನಲ್ಲಿ ಒತ್ತಕ್ಷರ ಬರೆಸುತ್ತೇನೆ. ಅವನು ನನಗೆ ಮೋಟಾರಿನ ಸ್ಟಾರ್ಟರ್ ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಿಕೊಡಬೇಕು. ಇದನ್ನು ಅವನಿಗೆ ಇನ್ನೂ ಹೇಳಿಲ್ಲ, ಇಲ್ಲೇ ಓದಲಿ.

ಮುಂದಿನ ವರ್ಷ ನಾವೆಲ್ಲ ಬೇರೆ ಬೇರೆ ಹೈಸ್ಕೂಲಿಗೆ ಹೋಗುತ್ತೇವೆ. ಅಲ್ಲಿಯೂ ಯಾರೋ ಒಬ್ಬರು "ಯಾರ್ಯಾರು ಸೈನ್ಸ್ ತಗೋತೀರಿ?" ಅಂತ ಕೇಳೇ ಕೇಳುತ್ತಾರೆ. ಆಗ ನನಗೆ ಇಷ್ಟ ಇಲ್ಲದಿದ್ದರೆ ನಾನು ಕೈ ಎತ್ತಲ್ಲ, ಎಷ್ಟೇ ಮಾರ್ಕ್ಸ್ ಬಂದಿರಲಿ. ನಿಮಗೆ ಇಷ್ಟ ಇದ್ದರೆ ನೀವು ಎತ್ತಿ, ಎಷ್ಟೇ ಕಡಿಮೆ ಬಂದಿರಲಿ. ಕೊನೆಯ ಬೆಂಚಿನವನೇ, ನಿನಗೇ ಹೇಳುತ್ತಿರುವುದು.

ಇದು ನನ್ನ ಅನಿಸಿಕೆ. ನಿಮ್ಮ ಅನಿಸಿಕೆ ಬೇರೆ ಇದ್ದರೆ ಚೀಟಿಯಲ್ಲಿ ಬರೆದು ಪಕ್ಕದ ಪೆಟ್ಟಿಗೆಯಲ್ಲಿ ಹಾಕಿ. ಮುಂದಿನ ಸಂಚಿಕೆಯಲ್ಲಿ ಅಂಟಿಸುತ್ತೇವೆ. ದಯವಿಟ್ಟು ಈ ಹಾಳೆಯ ಮೇಲೆಯೇ ಗೀಚಬೇಡಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿಯ ವಿದ್ಯಾರ್ಥಿನಿ